ಗುಡುಗಿಗೆ ಎಳೆದ ವಯರು

ಸರ್ವರ್ ಸೆಕ್ಯುರಿಟಿ ಎಲ್ಲಿಂದ ಶುರು ಮಾಡುವುದು ಎಂದು ಯಾರಾದರೂ ನನ್ನನ್ನು ಕೇಳಿದರೆ, ಮೊದಲು ಹೊಟ್ಟೆ ತುಂಬ ಊಟ ಮಾಡಿ ಬನ್ನಿ ಎನ್ನುತ್ತೇನೆ. ಆಮೇಲೆ ಸರಿಯಾಗಿ ಊಟ ಸೇರುವುದಿಲ್ಲ.

ನಾನು ಓದಿದ್ದು ಬಿ.ಕಾಂ. ಪುತ್ತೂರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ರಿಪೋರ್ಟ್ ಟೈಪ್ ಮಾಡಲು ಸೇರಿದವಳು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಳೆಯಲು ಬರುತ್ತಿತ್ತು. ಬೇರೆ ಯಾರಿಗೂ ಬರುತ್ತಿರಲಿಲ್ಲ. ಅಷ್ಟೇ ನನ್ನ ಅರ್ಹತೆ. ಸುಳ್ಯದಲ್ಲಿ, ಕಡಬದಲ್ಲಿ ರಕ್ತ ತೆಗೆಯುವ ಎರಡು ಸಣ್ಣ ಕೋಣೆಗಳನ್ನು ತೆರೆದಾಗ, ಎಲ್ಲ ಕಡೆಯ ರಿಪೋರ್ಟು ಒಂದೇ ಕಡೆ ಇರಬೇಕೆಂದು ನಮ್ಮ ಡಾಕ್ಟ್ರು ಒಂದು ಸರ್ವರ್ ತರಿಸಿದರು. ಡಾಕ್ಟ್ರು ಎಂದರೆ ಲ್ಯಾಬಿನ ಯಜಮಾನರು. ಮಂಗಳೂರಿನಿಂದ ಬಂದವನೊಬ್ಬ ಅದನ್ನು ಒಳಗಿನ ಕೋಣೆಯಲ್ಲಿ ಕೂರಿಸಿ, ಚಾ ಕುಡಿದು, ಏನಾದರೂ ಆದರೆ ಫೋನ್ ಮಾಡಿ ಎಂದು ಹೋದ. ಡಾಕ್ಟ್ರು ನನ್ನ ಕಡೆ ತಿರುಗಿ, "ಇನ್ನು ಸಿಸ್ಟಮ್ ಅಡ್ಮಿನ್ ನೀವೇ" ಎಂದರು. ನೀರಿನ ಕ್ಯಾನ್ ಖಾಲಿಯಾಗಿದೆ, ಹೇಳಿ ತರಿಸಿ ಎನ್ನುವ ಅದೇ ಸ್ವರದಲ್ಲಿ.

ನಲವತ್ತು ದಾಟಿದ ಮೇಲೆ ಹೊಸ ವಿದ್ಯೆ ಕಲಿಯುವುದು ಒಂದು ಬಗೆಯ ಶಿಕ್ಷೆ. ಬಸ್ಸಿನಲ್ಲಿ ಕುಳಿತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ವಿಡಿಯೋ ನೋಡುತ್ತಿದ್ದೆ. ಅದರಲ್ಲಿ ಮಾತಾಡುವ ಹುಡುಗನಿಗೆ ನನ್ನ ಅಣ್ಣನ ಮಗನ ಪ್ರಾಯ. ಅವನು ಹೇಳಿದ ಮೊದಲನೇ ಪಾಠ ಸುಲಭದ್ದು: ನಿಮ್ಮ ಸರ್ವರಿಗೆ ಯಾರು ಯಾರು ಬಂದು ಹೋಗುತ್ತಾರೆಂದು ನೋಡಿ, ಅದರ ಲೆಕ್ಕವನ್ನು ಸರ್ವರೇ ಬರೆದಿಡುತ್ತದೆ. ಲಾಗ್ ಎಂದು ಅದರ ಹೆಸರು. ನೋಡಿದೆ. ನೋಡದೆ ಇದ್ದಿದ್ದರೆ ಒಳ್ಳೆಯದಿತ್ತು.

ಯಾರೋ ಬಾಗಿಲು ತಟ್ಟುತ್ತಿದ್ದರು. ಒಬ್ಬರಲ್ಲ, ಇಬ್ಬರಲ್ಲ. ಪ್ರಪಂಚದ ಯಾವ ಯಾವ ಮೂಲೆಯಿಂದಲೋ, ಒಂದು ಕ್ಷಣ ಬಿಡುವಿಲ್ಲದೆ, ಒಂದೊಂದು ಹೆಸರು ಒಂದೊಂದು ಪಾಸ್‌ವರ್ಡ್ ಹಾಕಿ ನೋಡುತ್ತಿದ್ದರು. ನಾನು ಪರದೆಯ ಮೇಲೆ ನೋಡುತ್ತಿದ್ದ ಹಾಗೆಯೇ ಸಾಲುಗಳು ಕೆಳಗಿನಿಂದ ಮೇಲಕ್ಕೆ ಏರುತ್ತಿದ್ದವು. ಅಕ್ಕನನ್ನು ಕರೆದೆ. ಅಕ್ಕ ಎಂದರೆ ನಮ್ಮ ಲ್ಯಾಬಿನ ಹಿರಿಯ ಟೆಕ್ನಿಶಿಯನ್. ನನಗಿಂತ ಹೆಚ್ಚು ದೊಡ್ಡವರೇನಲ್ಲ, ಆದರೆ ಡಾಕ್ಟ್ರು ಕೂಡ ಅವರನ್ನು ಅಕ್ಕ ಎಂದೇ ಕರೆಯುವುದು.

ಅಕ್ಕ ಕೈಗವಸು ಕಳಚುತ್ತಾ ಬಂದು ನೋಡಿದರು. "ಇದೆಂತ ಮಾರಾಯ್ತಿ, ಇರುವೆ ಹೋದ ಹಾಗೆ ಹೋಗ್ತಾ ಉಂಟು?"

"ಕಳ್ಳರು ಅಕ್ಕ. ಒಳಗೆ ಬರ್ಲಿಕ್ಕೆ ನೋಡ್ತಾ ಇದ್ದಾರೆ."

"ನಮ್ಮಲ್ಲಿ ಕದಿಲಿಕ್ಕೆ ಎಂತ ಉಂಟು? ಊರವರ ಉಚ್ಚೆಯ ರಿಪೋರ್ಟಾ?" ಎಂದು ನಕ್ಕು, "ಕೊಂಡೋಗ್ಲಿ ಬಿಡು. ಶುಗರ್ ಇದ್ದವರದ್ದೇ ಜಾಸ್ತಿ ಸಿಗುದು ಅವರಿಗೆ" ಎಂದು ಹೋದರು.

ನನಗೆ ನಗು ಬರಲಿಲ್ಲ. ಯಾಕೆಂದರೆ ಕದಿಯಲು ಏನೂ ಇಲ್ಲವೆನ್ನುವ ಆ ಪೆಟ್ಟಿಗೆಯೊಳಗೆ ಸಂಪಾಜೆಯ ಮಾವ ಇದ್ದರು.

ಅವರು ನನ್ನ ಸಂಬಂಧಿಕರಲ್ಲ. ಸಂಪಾಜೆಯ ಕಡೆ ತೋಟ ಇರುವ, ಮನೆಯಲ್ಲಿ ಅರೆಭಾಷೆ ಮಾತಾಡುವ ಮನುಷ್ಯ. ಪ್ರಾಯದವರು, ಹಾಗಾಗಿ ನಮಗೆಲ್ಲ ಮಾವ. ಕಿಡ್ನಿ ನಿಧಾನಕ್ಕೆ ಕೈಕೊಡುತ್ತಿತ್ತು. ಸುಳ್ಯದ ನಮ್ಮ ಕೋಣೆಗೆ ಬಂದು ರಕ್ತ ಕೊಡುತ್ತಿದ್ದರು. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಡವೆಂದು ಎಷ್ಟು ಹೇಳಿದರೂ ಖಾಲಿ ಹೊಟ್ಟೆಯಲ್ಲೇ ಬರುತ್ತಿದ್ದರು. ಬಾಟ್ಲಿ ಐಸಿನ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ ಪುತ್ತೂರಿಗೆ ಬರುತ್ತಿತ್ತು. ಕಿಡ್ನಿ ಎಷ್ಟು ಕೆಟ್ಟಿದೆಯೆಂದು ಹೇಳುವ ಕ್ರಿಯಾಟಿನಿನ್ ಎಷ್ಟೆಂದು ನಾನು ಮೊಬೈಲಿಗೆ ಕಳಿಸುತ್ತಿದ್ದೆ. ಮಂಗಳೂರಿನ ಕಿಡ್ನಿ ಡಾಕ್ಟ್ರು ಅವರಿಗೆ ಹೇಳಿದ್ದು ಒಂದೇ ಮಾತು: ಈ ನಂಬರು ಇಲ್ಲಿವರೆಗೆ ಇದ್ದರೆ ಔಷಧಿ, ಪಥ್ಯ. ಇದನ್ನು ದಾಟಿದರೆ ಕೈಯಲ್ಲಿ ನರ ಜೋಡಿಸುವ ಆಪರೇಷನ್ ಮಾಡಿಸಿ ಡಯಾಲಿಸಿಸ್‌ಗೆ ತಯಾರಾಗಬೇಕು.

ಡಯಾಲಿಸಿಸ್ ಎಂದರೆ ವಾರದಲ್ಲಿ ಮತ್ತೆ ಮತ್ತೆ ಘಟ್ಟದ ಬುಡದಿಂದ ಇಳಿದು ಬರಬೇಕು, ಅರ್ಧ ದಿನ ಮಲಗಿರಬೇಕು, ನೀರು ಅಳೆದು ಕುಡಿಯಬೇಕು. ಮಾವನಿಗೆ ಅದು ಬೇಡವೇ ಬೇಡ. ಹಾಗಾಗಿ ಪ್ರತಿ ಸಲ ರಕ್ತ ಕೊಟ್ಟ ಮೇಲೆ, ರಿಪೋರ್ಟು ಹೋಗುವ ಮೊದಲೇ ನನಗೆ ಫೋನ್ ಮಾಡುತ್ತಿದ್ದರು. "ಎಷ್ಟು ಬಂತು ಮಾರಾಯ್ತಿ? ಗಡಿ ಒಳಗೆ ಉಂಟಲ್ಲ?"

ಉಂಟು ಮಾವ, ಗಡಿಯ ಒಳಗೇ ಉಂಟು ಎನ್ನುತ್ತಿದ್ದೆ. ಬಹಳ ಕಾಲ ಹಾಗೆಯೇ ಹೇಳಲು ಸಾಧ್ಯವಾಯಿತು.

ಸರಿ, ಸೆಕ್ಯುರಿಟಿಗೆ ಬರುತ್ತೇನೆ. ಎಲ್ಲರ ಬಾಯಲ್ಲೂ ಇದ್ದ ಒಂದೇ ಪಾಸ್‌ವರ್ಡನ್ನು ಬದಲಾಯಿಸಿದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಕೊಟ್ಟೆ. ಇದರಿಂದ ಕಡಬದ ಕೋಣೆಯ ಹುಡುಗಿ ನನ್ನೊಡನೆ ಮಾತು ಬಿಟ್ಟಳು. "ನಾನೆಂತ ಕಳ್ಳಿಯಾ?" ಎಂದು ಅಕ್ಕನ ಹತ್ತಿರ ಕೇಳಿದಳಂತೆ. ನಮ್ಮ ಕಡೆ ಹಾಗೆಯೇ. ಬೀಗದ ಕೈ ಎಲ್ಲಿದೆ ಎಂದು ಹೇಳದಿದ್ದರೆ ಅದು ಅವಮಾನ. ಡಾಕ್ಟ್ರು ತಮ್ಮ ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದರು. ನಾನು ಕಿತ್ತು ಎಸೆದೆ. ಅವರು ಮತ್ತೆ ಅಂಟಿಸಿದರು. ನಾಲ್ಕೈದು ಸಲ ಇದೇ ಆಟ ನಡೆದ ಮೇಲೆ ನಾನು ಸೋತು, ಚೀಟಿಯನ್ನು ಮೇಜಿನ ಡ್ರಾವರಿನ ಒಳಗೆ ಅಂಟಿಸಿ ಎಂದೆ.

ಆಮೇಲೆ ಫೈರ್‌ವಾಲ್ ಎಂಬ ಒಂದು ಸಣ್ಣ ಡಬ್ಬಿ ತರಿಸಿದೆ. ಇಂಟರ್ನೆಟ್ಟಿನ ವಯರು ಮೊದಲು ಆ ಡಬ್ಬಿಗೆ ಬರಬೇಕು, ಡಬ್ಬಿಯಿಂದ ಸರ್ವರಿಗೆ ಹೋಗಬೇಕು. ಸಂದರ್ಶಕರನ್ನು ಗೇಟಿನಲ್ಲೇ ನಿಲ್ಲಿಸುವ ಕಾವಲುಗಾರ ಎಂದುಕೊಳ್ಳಿ. ಅದು ಕೂತ ದಿನ ಲಾಗಿನಲ್ಲಿ ತಟ್ಟುವವರ ಸಾಲು ನಿಂತಿತು. ಆ ಮೌನ ಎಷ್ಟು ಸುಖವಾಗಿತ್ತೆಂದರೆ, ಅವತ್ತು ಬಸ್ಸಿನಲ್ಲಿ ವಿಡಿಯೋ ನೋಡದೆ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದೆ. ನಮ್ಮ ಸ್ಟಾಪು ದಾಟಿ ಹೋಗಿ ಹಿಂದೆ ನಡೆದು ಬಂದೆ.

ಪ್ರತಿ ದಿನದ ಡೇಟಾ ಒಂದು ಹೊರಗಿನ ಡಿಸ್ಕಿಗೆ ಕಾಪಿಯಾಗುವ ಹಾಗೂ ಮಾಡಿದೆ. ವಿಡಿಯೋದ ಹುಡುಗ ಹೇಳಿದ್ದನ್ನೆಲ್ಲ ಮಾಡಿದ್ದೆ ನಾನು. ಆದರೆ ಅವನು ಗುಡುಗಿನ ವಿಷಯ ಹೇಳಿರಲಿಲ್ಲ. ಅವನ ಊರಿನಲ್ಲಿ ಬಿಸು ಕಳೆದ ಮೇಲೆ ಪತ್ತನಾಜೆಯವರೆಗೆ, ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ, ಮಧ್ಯಾಹ್ನ ಏನಾಗುತ್ತದೆಂದು ಅವನಿಗೆ ಗೊತ್ತಿರಲಿಕ್ಕಿಲ್ಲ.

ನಮ್ಮ ಕಡೆಯವರಿಗೆ ಗೊತ್ತು. ಬೆಳಿಗ್ಗೆ ಉರಿ ಬಿಸಿಲು, ಮಧ್ಯಾಹ್ನದ ಮೇಲೆ ಮೂಡಣದ ಗುಡ್ಡದ ಹಿಂದೆ ಕಪ್ಪಾಗುತ್ತದೆ, ಒಂದು ಗುಡುಗು. ಮಳೆ ಬರುವುದೋ ಬಿಡುವುದೋ, ಸಿಡಿಲು ಮಾತ್ರ ಗ್ಯಾರಂಟಿ. ಟೆಲಿಫೋನ್ ತಂತಿಯ ಕಾಲದಲ್ಲಿ ಟಿವಿ, ಮೋಡೆಮ್, ಪಂಪಿನ ಸ್ಟಾರ್ಟರ್, ಯಾವುದನ್ನೂ ಅದು ಬಿಟ್ಟದ್ದಿಲ್ಲ. ಅದಕ್ಕೆ ದೂರದಲ್ಲಿ ಗುಡುಗಿದ್ದು ಕೇಳಿದರೆ ಸಾಕು, ಪುತ್ತೂರಿನಿಂದ ಸುಳ್ಯದವರೆಗೆ ಪ್ರತಿ ಮನೆಯಲ್ಲಿ, ಪ್ರತಿ ಅಂಗಡಿಯಲ್ಲಿ ಯಾರಾದರೊಬ್ಬರು ಎದ್ದು ಹೋಗಿ ಎಲ್ಲ ವಯರು ಎಳೆದು ಹಾಕುತ್ತಾರೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನು ಗೋಡೆಯಿಂದ ಹೊರಗೆ ಬರಬೇಕು, ಹಿಂದಿನ ವಯರುಗಳೂ ಬರಬೇಕು. ಅದು ಯಾರೂ ಕಲಿಸದೆ ಬರುವ ಅಭ್ಯಾಸ. ಈಗಿನ ಫೈಬರ್ ಲೈನಿನಲ್ಲಿ ಸಿಡಿಲು ಹರಿದು ಬರುವುದಿಲ್ಲ ಎಂದು ಹೇಳಿ ನೋಡಿ. "ನೀನು ಸಿಡಿಲಿನ ಹತ್ರ ಹೇಳು" ಎನ್ನುತ್ತಾರೆ.

ಲ್ಯಾಬಿನಲ್ಲಿ ಈ ಕೆಲಸ ಅಕ್ಕನದ್ದು. ಕಿವಿ ಅಷ್ಟು ಸೂಕ್ಷ್ಮ. ನಮಗೆ ಕೇಳುವ ಮೊದಲೇ ಅವರಿಗೆ ಕೇಳುತ್ತಿತ್ತು. ಬ್ಯಾಟರಿಯ ಮೇಲೆ ಎರಡು ನಿಮಿಷದೊಳಗೆ ಸರ್ವರನ್ನು ಸರಿಯಾಗಿ ಆಫ್ ಮಾಡಿ ಮಲಗಿಸಲು ನಾನು ಕಲಿಸಿಕೊಟ್ಟಿದ್ದೆ. ಅದನ್ನು ಮಲಗಿಸಿ, ಎಲ್ಲ ವಯರು ಎಳೆದು, ಬಾಲ ಕಟ್ಟಿದ ಹಾಗೆ ಸುತ್ತಿಡುತ್ತಿದ್ದರು. ಗುಡುಗು ಹೋದ ಮೇಲೆ ನಾನು ಮತ್ತೆ ಸಿಕ್ಕಿಸುತ್ತಿದ್ದೆ.

ಆ ಸಲ ನಾನಿರಲಿಲ್ಲ. ಕಡಬದ ಕೋಣೆಗೆ ಹೊಸ ಕಂಪ್ಯೂಟರ್ ಬಂದಿತ್ತು. ಮಾತು ಬಿಟ್ಟ ಹುಡುಗಿಯ ಎದುರು ಕುಳಿತು ಅದಕ್ಕೆಲ್ಲ ಸಾಫ್ಟ್‌ವೇರ್ ಹಾಕುತ್ತಾ ಕೆಲವು ದಿನ ಅಲ್ಲೇ ಕಳೆದೆ. ಅವಳು ಬೇಕಾದ್ದನ್ನೆಲ್ಲ ಸನ್ನೆಯಲ್ಲಿ ಕೇಳುತ್ತಿದ್ದಳು. ಆ ದಿನಗಳಲ್ಲೇ ಸಂಪಾಜೆಯ ಮಾವನ ರಕ್ತ ಸುಳ್ಯದಿಂದ ಬಂತು. ಕಡಬದಲ್ಲಿ ಕುಳಿತೇ ಅವರ ರಿಪೋರ್ಟ್ ತೆರೆದೆ. ನಂಬರು ಗಡಿ ದಾಟಿತ್ತು. ಸ್ವಲ್ಪ ದಾಟಿದ್ದಲ್ಲ.

ಫೋನ್ ಬಂತು. "ಎಷ್ಟು ಬಂತು ಮಾರಾಯ್ತಿ?"

ಹೇಳಿದೆ. ಆ ಕಡೆ ಹಿಂದಿನಿಂದ ಕೋಳಿ ಕೂಗುವುದು ಕೇಳುತ್ತಿತ್ತು.

"ಹೌದಾ," ಎಂದರು. "ಆಯ್ತು. ಮಂಗ್ಳೂರಿಗೆ ಹೋಗ್ತೇನೆ."

ಆಪರೇಷನ್‌ಗೆ ದಿನ ಕೊಟ್ಟಿದ್ದಾರೆಂದು ಆಮೇಲೆ ಸುಳ್ಯದಿಂದ ಗೊತ್ತಾಯಿತು.

ನಾನು ಪುತ್ತೂರಿಗೆ ಮರಳಿ ಬಂದಾಗ ಸರ್ವರ್ ಏದುಸಿರು ಬಿಡುತ್ತಿತ್ತು. ಫ್ಯಾನು ಬಿರುಗಾಳಿಯ ಹಾಗೆ ತಿರುಗುತ್ತಿತ್ತು. ಮುಟ್ಟಿದರೆ ಬಿಸಿ. ಒಂದು ರಿಪೋರ್ಟ್ ತೆರೆಯಲು ಯುಗ ಹಿಡಿಯುತ್ತಿತ್ತು. "ಸೆಕೆಗೆ ಇರ್ಬೇಕು" ಎಂದರು ಅಕ್ಕ. ಲಾಗ್ ತೆರೆದೆ. ಏನೂ ಇರಲಿಲ್ಲ. ತಟ್ಟುವವರ ಹೆಸರಿಲ್ಲ ಎಂದಷ್ಟೇ ಅಲ್ಲ. ನಮ್ಮವರು ಬಂದುಹೋದದ್ದೂ ಇರಲಿಲ್ಲ. ಯಾರೋ ಒಳಗೆ ಬಂದು, ಕಾಲು ಒರೆಸಿದ ಗುರುತನ್ನೂ ಗುಡಿಸಿ ಇಟ್ಟಿದ್ದರು.

ಕೋಣೆಯ ಮೂಲೆಗೆ ಹೋಗಿ ನೋಡಿದೆ. ಫೈರ್‌ವಾಲ್ ಡಬ್ಬಿ ಕಪಾಟಿನ ಮೇಲೆ ಅಂಗಾತ ಮಲಗಿತ್ತು. ಅದರ ವಯರುಗಳು ಅಂದವಾಗಿ ಸುತ್ತಿಟ್ಟಿದ್ದವು. ಇಂಟರ್ನೆಟ್ಟಿನ ವಯರು ನೇರ ಸರ್ವರಿಗೇ ಹೋಗಿತ್ತು.

"ಅಕ್ಕ, ಈ ಡಬ್ಬಿ ಯಾಕೆ ಇಲ್ಲಿ ಉಂಟು?"

"ಅದು ಹೋಗಿದೆ ಮಾರಾಯ್ತಿ. ಸಿಡಿಲಿಗೆ ಹೋದದ್ದು. ವಾಪಸ್ ಸಿಕ್ಸಿದೆ, ಲೈಟ್ ಬರ್ಲಿಲ್ಲ. ಎದುರು ಜನ ರಿಪೋರ್ಟಿಗೆ ನಿಂತಿದ್ದಾರೆ, ಒಬ್ಬರಿಗೆ ಬಸ್ಸಿಗೆ ಹೊತ್ತಾಯ್ತಂತೆ, ಡಾಕ್ಟ್ರು ಬೊಬ್ಬೆ. ಎಂತ ಮಾಡುದು? ವಯರನ್ನು ಮೊದ್ಲು ಇದ್ದ ತೂತಿಗೇ ಹಾಕಿದೆ. ಪಟ್ಟ ಅಂತ ನೆಟ್ ಬಂತು!" ಎಂದರು. ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಡಬ್ಬಿಯ ಪಿನ್ನನ್ನು ಗೋಡೆಗೆ ಸಿಕ್ಕಿಸಿದೆ. ಕಾದೆ. ಅದು ಏಳಲು ಸ್ವಲ್ಪ ಹೊತ್ತು ಹಿಡಿಯುವ ಜಾತಿಯದು. ಒಂದು ಲೋಟ ಚಾ ಕುಡಿದು ಮುಗಿಯುವಷ್ಟು ಹೊತ್ತಿಗೆ ಲೈಟುಗಳು ಒಂದೊಂದಾಗಿ ಹತ್ತಿದವು. ಅದಕ್ಕೆ ಏನೂ ಆಗಿರಲಿಲ್ಲ.

ಅಕ್ಕ ಲೈಟುಗಳನ್ನೇ ನೋಡುತ್ತಾ ನಿಂತರು. "ಅಯ್ಯೋ ದೇವರೇ. ಬೊಬ್ಬೆ ಹಾಕುವವರ ಎದುರು ಅಷ್ಟು ಹೊತ್ತು ಕಾಯ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಆಗುವುದಿಲ್ಲ. ನನಗೂ ಆಗುತ್ತಿರಲಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಶಕ್ತಿಯೂ ಇರಲಿಲ್ಲ. ವಯರು ಎಳೆದು ಸುಳ್ಯದ ಎಷ್ಟು ಟಿವಿ ಉಳಿದಿದೆಯೋ! ಇಲ್ಲಿ ಅದೇ ಕೈ, ಅದೇ ಅಭ್ಯಾಸ, ಗೇಟಿನ ಕಾವಲುಗಾರನನ್ನು ಕಪಾಟಿನ ಮೇಲೆ ಮಲಗಿಸಿತ್ತು.

ಏನಾದರೂ ಆದರೆ ಫೋನ್ ಮಾಡಿ ಎಂದಿದ್ದ ಮಂಗಳೂರಿನವನಿಗೆ ಫೋನ್ ಮಾಡಿದೆ. ಅವನು ದೂರದಿಂದಲೇ ಒಳಗೆ ನೋಡಿದ. ಆಮೇಲೆ ಹೇಳಿದ್ದಿಷ್ಟು: ಸರ್ವರ್ ಕೂರಿಸುವಾಗ ತನ್ನ ಅನುಕೂಲಕ್ಕೆ ಅವನೊಂದು ಖಾತೆ ಮಾಡಿದ್ದ, ಹೆಸರು ಟೆಸ್ಟ್, ಪಾಸ್‌ವರ್ಡೂ ಟೆಸ್ಟ್. ಮೊದಲು ಅದೃಷ್ಟಕ್ಕೆ ಯಾರಿಗೂ ಸಿಕ್ಕಿರಲಿಲ್ಲ, ಈ ಸಲ ಬಾಗಿಲು ತೆರೆದದ್ದೇ ತಡ, ಯಾರೋ ಅದರಿಂದ ಒಳಗೆ ಬಂದು, ನಮ್ಮ ಸರ್ವರಿನ ಕೈಯಲ್ಲಿ ತಮ್ಮ ಯಾವುದೋ ಕೂಲಿ ಕೆಲಸ ಮಾಡಿಸುತ್ತಿದ್ದಾರೆ. ಅದಕ್ಕೆ ಈ ಏದುಸಿರು.

"ಆ ಖಾತೆ ತೆಗಿಬೇಕಿತ್ತಲ್ಲ?" ಎಂದೆ.

"ಅದು ಟೆಂಪರರಿ ಮಾಡಿದ್ದು ಮೇಡಂ."

ನಮ್ಮ ಕಡೆ ಟೆಂಪರರಿ ಎಂದರೆ ಎಷ್ಟು ಕಾಲ ಎಂದು ನಾನು ಕೇಳಲಿಲ್ಲ.

"ಈಗ ಎಂತ ಮಾಡುದು?"

"ಪೂರ್ತಿ ಅಳಿಸಿ ಹೊಸದಾಗಿ ಹಾಕುದು. ಬ್ಯಾಕಪ್ ಉಂಟಲ್ಲ?"

ಬ್ಯಾಕಪ್ ಡಿಸ್ಕು ಎಲ್ಲಿ? ಅದೂ ಅಕ್ಕನ ಕೈಯಲ್ಲಿ ಗೋಡೆಯಿಂದ ಬಿಡಿಸಿಕೊಂಡಿತ್ತು. ಡಬ್ಬಿ ಹೋದ ಅದೇ ಮಧ್ಯಾಹ್ನ, ಇದಾದರೂ ಉಳಿಯಲಿ ಎಂದು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಕಪಾಟಿನೊಳಗೆ ಇಟ್ಟಿದ್ದರು. ಅಂದರೆ ಅವತ್ತಿನವರೆಗಿನದ್ದು ಕಳ್ಳರ ಕೈ ಸೋಕದ ಹಾಗೆ ಉಳಿದಿತ್ತು. ಅಲ್ಲಿಂದ ಈಚೆಗಿನದ್ದು ಅದರಲ್ಲಿ ಇಲ್ಲ. ಸಂಪಾಜೆಯ ಮಾವನ ಕೊನೆಯ ರಿಪೋರ್ಟು ಈಚೆಗಿನದ್ದು.

ನಿಜವಾದ ರಗಳೆ ಶುರುವಾದದ್ದು ಇಲ್ಲಿ. ಡಾಕ್ಟ್ರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಳೆಯದು ಡಿಸ್ಕಿನಿಂದ ಹಾಕಿ. ಈಚೆಗಿನ ರಿಪೋರ್ಟ್ ಸರ್ವರಿನಲ್ಲಿ ಉಂಟಲ್ಲ, ಅದನ್ನು ಕಾಪಿ ಮಾಡಿ ತೆಗೆದು ಸೇರಿಸಿ. ಮುಗಿಯಿತಲ್ಲ?"

"ಅದು ಸರಿ ಇದೆ ಅಂತ ಹೇಳ್ಲಿಕ್ಕೆ ಬರುದಿಲ್ಲ ಡಾಕ್ಟ್ರೆ. ಒಳಗೆ ಬಂದವರು ಎಲ್ಲದಕ್ಕೂ ಕೈ ಹಾಕಬಹುದಿತ್ತು."

"ಹಾಕಿದ್ದಾರಾ?"

"ಗೊತ್ತಿಲ್ಲ."

"ಅಲ್ಲ, ನೀವು ಸ್ವಲ್ಪ ಯೋಚನೆ ಮಾಡಿ. ಎಲ್ಲಿಯದೋ ದೇಶದಲ್ಲಿ ಕೂತವನು ನೆಲ್ಯಾಡಿಯ ಒಬ್ಬರ ಕೊಲೆಸ್ಟ್ರಾಲ್ ತಿದ್ದುತ್ತಾನಾ? ಅವನಿಗೆ ಅದರಿಂದ ಎಂತ ಲಾಭ?"

"ಲಾಭ ಇಲ್ಲ. ತಿದ್ದಿರ್ಲಿಕ್ಕಿಲ್ಲ. ಆದ್ರೆ ತಿದ್ದಲಿಲ್ಲ ಅಂತ ನಾನು ಹೇಳುದು ಹೇಗೆ?"

ರಕ್ತ ಪರೀಕ್ಷಿಸುವ ಯಂತ್ರ ನಂಬರನ್ನು ನೇರ ಸರ್ವರಿಗೆ ಕಳಿಸುತ್ತದೆ, ಅದರ ಒಳಗೂ ಸ್ವಲ್ಪ ನೆನಪಿರುತ್ತದೆ. ಆದರೆ ಹೊಸದು ತುಂಬಿದ ಹಾಗೆ ಹಳೆಯದನ್ನು ಅದು ಮರೆಯುತ್ತದೆ. ನೋಡಿಸಿದೆವು. ಕೊನೆಯ ಒಂದಷ್ಟು ಮಾತ್ರ ಇದ್ದವು, ಮಾವನದ್ದು ಇರಲಿಲ್ಲ.

ಡಾಕ್ಟ್ರು ಕಿಟಕಿಯ ಹೊರಗೆ ನೋಡಿದರು. ಬಸ್‌ಸ್ಟ್ಯಾಂಡಿನ ಆ ಕಡೆ ಇನ್ನೊಂದು ಲ್ಯಾಬಿನ ಬೋರ್ಡು ಕಾಣುತ್ತದೆ, ಅವರು ಯೋಚನೆ ಮಾಡುವಾಗ ಅದನ್ನೇ ನೋಡುವುದು. "ಫೋನ್ ಮಾಡಿ ನಿಮ್ಮ ರಿಪೋರ್ಟು ಡೌಟು ಅಂತ ಹೇಳಿದರೆ ನಾಳೆಯಿಂದ ಎಲ್ಲ ಅಲ್ಲಿಗೆ ಹೋಗ್ತಾರೆ."

"ಹೇಳದೆ ಇದ್ರೆ ಒಬ್ಬರು ಆಪರೇಷನ್‌ಗೆ ಹೋಗ್ತಾರೆ ಡಾಕ್ಟ್ರೆ. ಅದೂ ಆ ನಂಬರನ್ನು ನಂಬಿ."

ಯಾರೆಂದು ಕೇಳಿದರು. ಹೇಳಿದೆ. ಅವರಿಗೂ ಮಾವನ ಪರಿಚಯ ಉಂಟು. ತುಂಬ ಹೊತ್ತು ಕನ್ನಡಕದ ಕಾಲನ್ನು ಮಡಚಿ ಬಿಡಿಸಿ ಮಾಡಿದರು. ಕೊನೆಗೆ, "ರಕ್ತ ಮತ್ತೆ ತೆಗೆದು ಫ್ರೀ ಮಾಡಿಕೊಡುವ. ಫೋನ್ ಮಾತ್ರ ನೀವೇ ಮಾಡಬೇಕು. ನನ್ನ ಕೈಯಲ್ಲಿ ಆಗುದಿಲ್ಲ" ಎಂದರು.

ಮಾಡಿದೆ. ಗಂಟಲು ಒಣಗುವವರೆಗೆ ಮಾಡಿದೆ. ಒಬ್ಬರು ಬೈದರು. ಒಬ್ಬರು, ಫ್ರೀ ಆದರೆ ಹೆಂಡತಿಯದ್ದೂ ಒಟ್ಟಿಗೆ ಮಾಡಬಹುದಾ ಎಂದು ಕೇಳಿದರು. ಕಾಣಿಯೂರಿನ ಒಬ್ಬರು, "ನನ್ನ ಶುಗರ್ ಜಾಸ್ತಿ ಬಂದದ್ದು ಹಾಗಾದರೆ ಕಳ್ಳರ ಕೆಲಸ! ನಾನು ಹೇಳ್ಲಿಲ್ವಾ, ನಾನು ಸ್ವೀಟ್ ತಿಂದದ್ದೇ ಇಲ್ಲ" ಎಂದು ಮನೆಯವರಿಗೆಲ್ಲ ಕೇಳುವ ಹಾಗೆ ಕೂಗಿದರು. ಸರ್ವರ್ ಎಂದರೇನು, ಫೈರ್‌ವಾಲ್ ಎಂದರೇನು ಎಂದು ಮೊದಲ ಕೆಲವರಿಗೆ ವಿವರಿಸಿದೆ. ಆಮೇಲೆ ಬಿಟ್ಟೆ. ಸಿಡಿಲಿಗೆ ಕಂಪ್ಯೂಟರ್ ಹಾಳಾಯಿತು ಎಂದರೆ ಎಲ್ಲರೂ ಒಂದೇ ಮಾತಿಗೆ ನಂಬುತ್ತಿದ್ದರು. ಆದರೆ ಅದು ಸುಳ್ಳಾಗುತ್ತಿತ್ತು. ಯಾರೋ ಒಳಗೆ ಬಂದಿದ್ದರು, ನಿಮ್ಮ ರಿಪೋರ್ಟಿಗೆ ನಾನು ಜವಾಬು ಹೇಳಲಾರೆ, ದಯವಿಟ್ಟು ಇನ್ನೊಮ್ಮೆ ರಕ್ತ ಕೊಡಿ: ಇಷ್ಟನ್ನೇ ಹೇಳಿದೆ.

ಸಂಪಾಜೆಯ ಮಾವನಿಗೂ ಇಷ್ಟನ್ನೇ ಹೇಳಿದ್ದು.

"ಹಾಗಾದ್ರೆ ಆ ನಂಬ್ರ ನನ್ನದಲ್ವಾ?" ಎಂದರು.

"ನಿಮ್ಮದೇ ಇರಬಹುದು ಮಾವ. ಗೊತ್ತಿಲ್ಲ. ಅದಕ್ಕೇ ಇನ್ನೊಮ್ಮೆ ನೋಡುವ ಅಂತ."

"ನಾನು ಮಂಗ್ಳೂರಿನ ಡಾಕ್ಟ್ರಿಗೆ ಈಗ್ಲೇ ಫೋನ್ ಮಾಡ್ತೇನೆ. ಆಪರೇಷನ್ ಮುಂದೆ ಹಾಕಿಸ್ತೇನೆ" ಎಂದರು. ಸ್ವರ ಬೇರೆಯೇ ಆಗಿತ್ತು, ಹತ್ತು ವರ್ಷ ಕಡಿಮೆಯಾದ ಹಾಗೆ. "ನಂಗೆ ಅವತ್ತೇ ಡೌಟ್ ಇತ್ತು ಮಾರಾಯ್ತಿ. ಮೈಯಲ್ಲಿ ಎಂತ ಆಗ್ಲಿಲ್ಲ, ನಂಬ್ರ ಹೇಗೆ ಹಾರುದು?"

ಫೋನ್ ಇಟ್ಟ ಮೇಲೆ ಅಕ್ಕ ಬಂದು, "ಎಂತ ಹೇಳಿದ್ರು?" ಎಂದರು.

"ಖುಷಿಯಾಯ್ತು ಅವರಿಗೆ."

ಅಕ್ಕನ ಮುಖ ಸಣ್ಣದಾಯಿತು. ಅವರು ಟೆಕ್ನಿಶಿಯನ್ ಅಲ್ಲವಾ, ಆ ನಂಬರು ನಿಜವೇ ಇರಬಹುದೆಂದು ಅರ್ಥವಾಯಿತು ಅವರಿಗೆ. ಒಳಗೆ ಹೋಗಿ, ತನ್ನ ಬ್ಯಾಗಿನಿಂದ ಕೆಂಪು ನೇಲ್‌ಪಾಲಿಶ್ ತಂದು, ಇಂಟರ್ನೆಟ್ಟಿನ ವಯರಿನ ತುದಿಗೂ ಡಬ್ಬಿಯ ತೂತಿಗೂ ಬಳಿದರು. ಸರ್ವರಿನ ಹಳೆಯ ತೂತಿಗೆ ಪ್ಲಾಸ್ಟರ್ ಅಂಟಿಸಿದರು, ಗಾಯಕ್ಕೆ ಹಾಕುವ ಪ್ಲಾಸ್ಟರು.

ಸರ್ವರ್ ಅಳಿಸಿ ಹೊಸದಾಗಿ ಕೂರಿಸಿದೆವು. ಮಂಗಳೂರಿನವನನ್ನು ಈ ಸಲ ಚಾ ಕುಡಿಯಲು ಬಿಡುವ ಮೊದಲು ಅವನ ಎಲ್ಲ ಟೆಂಪರರಿಗಳನ್ನೂ ನನ್ನೆದುರೇ ತೆಗೆಸಿದೆ. ಬೈರಾಸಿನಲ್ಲಿದ್ದ ಡಿಸ್ಕಿನಿಂದ ಹಳೆಯದೆಲ್ಲ ವಾಪಸ್ ಬಂತು. ಸರ್ವರಿನ ಫ್ಯಾನು ತಣ್ಣಗೆ ತಿರುಗುತ್ತಿತ್ತು. ಲಾಗಿನಲ್ಲಿ ನಮ್ಮವರ ಹೆಸರು ಮಾತ್ರ. ಕಡಬದ ಹುಡುಗಿ ಬಂದ ಹೊತ್ತು, ಹೋದ ಹೊತ್ತು. ಅವಳ ಹೆಸರು ನೋಡಿ ಒಂದು ರೀತಿಯ ಸಮಾಧಾನವಾಯಿತು, ಮಾತು ಬಿಟ್ಟಿದ್ದರೂ.

ಮಾವ ಈ ಸಲ ಸುಳ್ಯದಲ್ಲಿ ರಕ್ತ ಕೊಡಲಿಲ್ಲ. ಬಸ್ಸಿನಲ್ಲಿ ಬರುವಾಗ ಏನಾದರೂ ಆದರೆ ಎಂದು ತಾವೇ ಪುತ್ತೂರಿಗೆ ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಒಂದು ಚೀಲ ತುಂಬ ಕಾಡಿನ ಕಾಟು ಮಾವಿನಹಣ್ಣು. "ಸಾರು ಮಾಡಿ. ನಂಗೆ ತಿನ್ಲಿಕ್ಕಿಲ್ಲ, ನೀವಾದ್ರೂ ತಿನ್ನಿ" ಎಂದು ಕೌಂಟರಿನ ಮೇಲಿಟ್ಟರು. ಕೌಂಟರಿನಲ್ಲಿ ಕಾಯುತ್ತಿದ್ದ ಅಪರಿಚಿತರಿಗೆಲ್ಲ ಕಥೆ ಹೇಳಿದರು: ಕಂಪ್ಯೂಟರಿನಲ್ಲಿ ಕಳ್ಳರು ಹೊಕ್ಕಿದ್ದು, ತನ್ನ ನಂಬ್ರ ಅಡಿಮೇಲಾದದ್ದು, ಇವಳು ಫೋನ್ ಮಾಡದಿದ್ದರೆ ಸುಮ್ಮನೆ ಕೈ ಕೊಯ್ಸಿಕೊಳ್ಳುತ್ತಿದ್ದದ್ದು. ಕೇಳಿದವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಾನು ಕೀಬೋರ್ಡ್ ನೋಡಿದೆ.

ಅಕ್ಕನೇ ರಕ್ತ ತೆಗೆದರು. ಯಂತ್ರಕ್ಕೆ ಒಂದು ಸಲ ಹಾಕಿದರು, ಕಾಗದದ ಚೂರಿನಲ್ಲಿ ನಂಬರು ಬರೆದುಕೊಂಡರು. ಇನ್ನೊಂದು ಸಲ ಹಾಕಿದರು. ಅದೇ. ಮುಗಿದ ಮೇಲೆ ಒಳಗಿನ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, ತಲೆ ಅಡ್ಡಡ್ಡ ಆಡಿಸಿದರು.

ಗಡಿ ದಾಟಿದ ನಂಬರು. ಹೋದ ಸಲದ್ದಕ್ಕಿಂತ ಒಂದು ಕೂದಲೆಳೆ ಮೇಲೆ. ಕಳ್ಳರು ಯಾವುದಕ್ಕೂ ಕೈ ಹಾಕಿರಲಿಲ್ಲ.

ರಿಪೋರ್ಟ್ ಪ್ರಿಂಟ್ ತೆಗೆದೆ. ಮೊಬೈಲಿಗೆ ಕಳಿಸಲಿಲ್ಲ. ಮಾವ ಬೆಂಚಿನಲ್ಲಿ ಕುಳಿತು ಪಕ್ಕದವರಿಗೆ ಅಡಿಕೆಯ ಹಳದಿ ರೋಗದ ವಿಷಯ ಹೇಳುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತಾಗ ಮಾತು ನಿಲ್ಲಿಸಿದರು. ಕಾಗದವನ್ನು ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ನೋಡಿದರು.

"ಅದೇ ಅಲ್ವಾ?"

"ಅದೇ ಮಾವ."

"ಇದಕ್ಕೆ ಯಾರೂ ಕೈ ಹಾಕ್ಲಿಲ್ವಾ?"

"ಇಲ್ಲ."

"ಗ್ಯಾರಂಟಿ?"

"ಗ್ಯಾರಂಟಿ ಮಾವ. ಇದು ನಿಮ್ಮದೇ."

ಈ ಮಾತನ್ನು ಹೇಳಲು ಸಾಧ್ಯವಾಗಲಿ ಎಂದೇ ನಾನು ಇಷ್ಟು ದಿನ ಒದ್ದಾಡಿದ್ದು. ಹೇಳಿದಾಗ ಅದರಷ್ಟು ಬೇಡವಾದ ಮಾತು ಬೇರೆ ಇರಲಿಲ್ಲ.

ಅವರು ಮನೆಗೆ ಫೋನ್ ಮಾಡಿದರು. ಆ ಕಡೆಯಿಂದ ಅತ್ತೆ ಏನು ಕೇಳಿದರೋ, ಇವರು ತಮ್ಮ ಅರೆಭಾಷೆಯಲ್ಲಿ, "ಅದೇ ಉಟ್ಟು", ಅಂದರೆ ಅದೇ ಇದೆ, ಎಂದು ಫೋನ್ ಇಟ್ಟರು. ನಾನು ಕ್ಷಮೆ ಕೇಳಬೇಕೋ ಬೇಡವೋ ತಿಳಿಯದೆ ಕೂತಿದ್ದೆ. ಕೇಳುವುದಾದರೂ ಯಾವುದಕ್ಕೆ?

"ನೀನು ಫೋನ್ ಮಾಡದಿದ್ರೆ ಇಷ್ಟೊತ್ತಿಗೆ ಕೊಯ್ದು ಹೊಲಿದು ಆಗ್ತಿತ್ತು" ಎಂದರು. ಬೈದದ್ದಲ್ಲ. ಹೊಗಳಿದ್ದೂ ಅಲ್ಲ. ಆಮೇಲೆ ಕಾಗದವನ್ನು ನನ್ನ ಮಡಿಲಿಗೆ ಹಾಕಿ, "ಇದರಲ್ಲಿ ನಿನ್ನ ರುಜು ಹಾಕು" ಎಂದರು.

"ನನ್ನದು ಹಾಕ್ಲಿಕ್ಕಿಲ್ಲ ಮಾವ. ಅಕ್ಕನದ್ದು ಉಂಟಲ್ಲ, ಡಾಕ್ಟ್ರದ್ದು ಉಂಟು."

"ಅವರದ್ದು ಹೋದ ಸಲವೂ ಇತ್ತು. ಡೌಟ್ ಅಂತ ಹೇಳಿದ್ದು ನೀನು. ಈಗ ಮಂಗ್ಳೂರಿನವರು ಕೇಳ್ತಾರೆ, ಇದಾದ್ರೂ ಸರಿ ಉಂಟಾ ಅಂತ. ಸರಿ ಉಂಟು ಅಂತ ಬರ್ದು ರುಜು ಹಾಕು."

ಒಳಗಿನಿಂದ ಅಕ್ಕ ನೋಡುತ್ತಿದ್ದರು. ಪೆನ್ನು ಬರೆಯಲಿಲ್ಲ, ಅಂಗೈಗೆ ಗೀಚಿ ಬರಿಸಿದೆ. ಡಾಕ್ಟ್ರ ಸಹಿಯ ಕೆಳಗೆ, ಯಾವ ನಿಯಮದಲ್ಲೂ ಇಲ್ಲದ ಜಾಗದಲ್ಲಿ, 'ಸರಿ ಇದೆ' ಎಂದು ಬರೆದು ನನ್ನ ಹೆಸರು ಹಾಕಿದೆ. ಮಾವ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟು, ಮುಂದೆ ಹಾಕಿಸಿದ್ದ ಆಪರೇಷನ್ನಿಗೆ ಮತ್ತೆ ಬೇಗನೆ ದಿನ ಕೇಳಲು ಮಂಗಳೂರಿಗೆ ಫೋನ್ ಮಾಡುತ್ತಾ ಮೆಟ್ಟಿಲು ಇಳಿದರು.